ಹಳೆಯ ಡೀಸೆಲ್ ರೈಲ್‌ಕಾರು: ದುಡಿಮೆಯ ಚರಿತ್ರೆ ಮತ್ತು ಜೀರ್ಣೋದ್ಧಾರದ ಕ್ರಮ

ರೈಲ್‌ಕಾರು ಎಂದರೆ ತನ್ನ ಎಂಜಿನ್ನನ್ನು ತಾನೇ ಹೊತ್ತುಕೊಂಡು, ಪ್ರತ್ಯೇಕ ಲೋಕೊಮೊಟಿವ್‌ನ ನೆರವಿಲ್ಲದೆ ಹಳಿಯ ಮೇಲೆ ಓಡುವ ಪ್ರಯಾಣಿಕರ ಗಾಡಿ. ಎರಡೂ ತುದಿಗಳಲ್ಲಿ ಚಾಲಕನ ಕೋಣೆ, ನಡುವೆ ಆಸನಗಳು, ನೆಲಹಾಸಿನ ಕೆಳಗೆ ಯಂತ್ರ ಇರುವ ಈ ವಾಹನವು ಬಸ್ಸು ಮತ್ತು ರೈಲು ಎಂಬ ಎರಡು ಸಾರಿಗೆ ಪರಂಪರೆಗಳು ಕೂಡಿದ ಕಡೆ ಹುಟ್ಟಿದ್ದು, ಇಂದು ಜಗತ್ತಿನಾದ್ಯಂತ ಓಡುತ್ತಿರುವ ಡೀಸೆಲ್ ಬಹುಘಟಕ ರೈಲುಗಳಿಗೆ ಮೂಲ ಮಾದರಿಯಾಗಿದೆ. ಉಗಿ ಎಂಜಿನ್ನುಗಳಿಗೆ ಸಿಕ್ಕ ಜನಪ್ರೀತಿ ರೈಲ್‌ಕಾರುಗಳಿಗೆ ಸಿಗಲಿಲ್ಲವಾದ ಕಾರಣ ಅವುಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಉಳಿದ ಕೆಲವೇ ಕಾರುಗಳನ್ನು ಮತ್ತೆ ಓಡುವ ಸ್ಥಿತಿಗೆ ತರುವ ಕೆಲಸವು ಮರಗೆಲಸ, ಲೋಹವಿದ್ಯೆ, ಮೋಟಾರು ತಂತ್ರ ಮತ್ತು ರೈಲ್ವೆ ಸುರಕ್ಷತೆಯ ನಿಯಮ, ಇವೆಲ್ಲವನ್ನೂ ಒಟ್ಟಿಗೆ ಬೇಡುತ್ತದೆ. ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಡೀಸೆಲ್ ರೈಲ್‌ಕಾರುಗಳನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು, ಇಂಥ ಕಾರು ಹೇಗೆ ದುಡಿಯಿತು, ಅದರ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಅದರ ಜೀರ್ಣೋದ್ಧಾರ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಹುಟ್ಟಿದ ಸನ್ನಿವೇಶ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟ್ರಾಮುಗಳೂ ಆಮೇಲೆ ಮೋಟಾರು ಬಸ್ಸುಗಳೂ ರೈಲ್ವೆಯ ಕಿರುದೂರದ ಪ್ರಯಾಣಿಕರನ್ನು ಸೆಳೆದುಕೊಳ್ಳತೊಡಗಿದಾಗ, ಕೆಲವೇ ಜನ ಓಡಾಡುವ ಕವಲು ಮಾರ್ಗಗಳಲ್ಲಿ ದೊಡ್ಡ ಉಗಿ ಎಂಜಿನ್ನು ಮತ್ತು ಹಲವು ಡಬ್ಬಿಗಳನ್ನು ಓಡಿಸುವುದು ರೈಲ್ವೆ ಕಂಪನಿಗಳಿಗೆ ಹೊರೆಯಾಯಿತು. ಉಗಿ ಎಂಜಿನ್ನು ಹೊರಡಬೇಕಾದರೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಿ ಉಗಿ ಏರಿಸಬೇಕು, ಚಾಲಕನ ಜೊತೆಗೆ ಬೆಂಕಿಯಾಳು ಇರಬೇಕು, ದಾರಿಯಲ್ಲಿ ನೀರು ತುಂಬಿಸಬೇಕು, ಮಾರ್ಗದ ಕೊನೆಯಲ್ಲಿ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ತಂದು ಕಟ್ಟಬೇಕು. ಇದಕ್ಕೆ ಪರಿಹಾರವಾಗಿ ಗ್ರೇಟ್ ವೆಸ್ಟರ್ನ್ ರೈಲ್ವೆಯು 1903ರಿಂದ ಉಗಿಯ ರೈಲ್‌ಮೋಟಾರುಗಳನ್ನು, ಅಂದರೆ ಸಣ್ಣ ಉಗಿ ಎಂಜಿನ್ನನ್ನು ಡಬ್ಬಿಯೊಳಗೇ ಅಳವಡಿಸಿದ ಗಾಡಿಗಳನ್ನು ಓಡಿಸಿತು. ಅವು ಉಪಯುಕ್ತವಾದವಾದರೂ ಬಾಯ್ಲರಿನ ಆರೈಕೆ ಮತ್ತು ಮಸಿಯ ತೊಂದರೆಗಳು ಹಾಗೆಯೇ ಉಳಿದವು.

ಡೀಸೆಲ್ ಎಂಜಿನ್ನು ಸಾಕಷ್ಟು ಹಗುರವೂ ವೇಗವಾಗಿ ತಿರುಗುವಂಥದ್ದೂ ಆದ ಮೇಲೆಯೇ ಈ ಸಮಸ್ಯೆಗೆ ನಿಜವಾದ ಉತ್ತರ ಸಿಕ್ಕಿತು. ಸ್ವೀಡನ್ನಿನಲ್ಲಿ 1913ರ ಹೊತ್ತಿಗೇ ಡೀಸೆಲ್ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ ಓಡುವ ರೈಲ್‌ಕಾರು ಸೇವೆಯಲ್ಲಿತ್ತು. ಐರ್ಲೆಂಡಿನ ಡಾನಿಗಾಲ್ ಕೌಂಟಿಯ ಕಿರುಹಳಿ ಮಾರ್ಗದಲ್ಲಿ 1931ರಲ್ಲಿ ಡೀಸೆಲ್ ರೈಲ್‌ಕಾರು ಓಡತೊಡಗಿತು. 1933ರಲ್ಲಿ ಜರ್ಮನಿಯ ಬರ್ಲಿನ್ ಮತ್ತು ಹ್ಯಾಂಬರ್ಗ್ ನಗರಗಳ ನಡುವೆ ಗಂಟೆಗೆ 160 ಕಿ.ಮೀ. ವೇಗ ಮುಟ್ಟಬಲ್ಲ ‘ಫ್ಲೀಗೆಂಡರ್ ಹ್ಯಾಂಬರ್ಗರ್’ ಸೇವೆಗೆ ಬಂದಿತು. ಬಡ ಮಾರ್ಗಗಳ ಉಳಿವು ಮತ್ತು ಶ್ರೀಮಂತ ಮಾರ್ಗಗಳ ವೇಗ, ಈ ಎರಡು ಬೇರೆ ಬೇರೆ ಅಗತ್ಯಗಳಿಗೆ ಒಂದೇ ಬಗೆಯ ವಾಹನ ಉತ್ತರವಾಗಬಹುದೆಂಬ ನಂಬಿಕೆ ಆ ದಶಕದಲ್ಲಿ ಬಲವಾಯಿತು.

ಗ್ರೇಟ್ ವೆಸ್ಟರ್ನ್‌ನ 38 ಕಾರುಗಳು

ಲಂಡನ್ನಿನ ಬಸ್ಸುಗಳನ್ನು ತಯಾರಿಸುತ್ತಿದ್ದ ಸೌತಾಲ್‌ನ ಅಸೋಸಿಯೇಟೆಡ್ ಇಕ್ವಿಪ್‌ಮೆಂಟ್ ಕಂಪನಿ, ಅಂದರೆ ಎಇಸಿ, ತನ್ನ ಬಸ್ಸಿನ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ರೈಲಿನ ಚಾಸಿಗೆ ಹೊಂದಿಸಿ, ಪಾರ್ಕ್ ರಾಯಲ್ ಕಂಪನಿ ಕಟ್ಟಿದ ಮೈಯನ್ನು ಅದರ ಮೇಲೆ ಕೂರಿಸಿ ಸಿದ್ಧಪಡಿಸಿದ ಮೊದಲ ಕಾರು 1933ರಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದ ವಾಹನ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಅದೇ ವರ್ಷ ಡಿಸೆಂಬರಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಸೇವೆಗೆ ಸೇರಿತು. 69 ಜನ ಕೂರಬಹುದಾಗಿದ್ದ ಈ ಕಾರಿನ ಆಕಾರವನ್ನು ಗಾಳಿ ಸುರಂಗದಲ್ಲಿ ಮಾದರಿಯಿಟ್ಟು ಪರೀಕ್ಷಿಸಿ ರೂಪಿಸಲಾಗಿತ್ತು. ದುಂಡಾದ ತುದಿಗಳು ಮತ್ತು ಚಕ್ರಗಳನ್ನು ಮರೆಮಾಡುವ ಪಕ್ಕದ ತಗಡುಗಳಿಂದಾಗಿ ಜನ ಇದನ್ನು ‘ಹಾರುವ ಬಾಳೆಹಣ್ಣು’ ಎಂದು ಕರೆದರು.

ಮುಂದಿನ ವರ್ಷ, 1934ರ ಜುಲೈಯಲ್ಲಿ, ಎರಡೆರಡು ಎಂಜಿನ್ನುಗಳಿದ್ದ 2, 3 ಮತ್ತು 4ನೇ ಕಾರುಗಳು ಬರ್ಮಿಂಗ್‌ಹ್ಯಾಮ್ ಮತ್ತು ಕಾರ್ಡಿಫ್ ನಡುವಿನ ವೇಗದ ಸೇವೆಗೆ ನಿಯುಕ್ತವಾದವು. ಗ್ಲೌಸ್ಟರ್ ಮತ್ತು ನ್ಯೂಪೋರ್ಟ್‌ಗಳಲ್ಲಿ ಮಾತ್ರ ನಿಂತು, ಸುಮಾರು 188 ಕಿ.ಮೀ. ದೂರವನ್ನು ಎರಡೂವರೆ ಗಂಟೆಗೂ ಕಡಿಮೆ ಅವಧಿಯಲ್ಲಿ ಕ್ರಮಿಸುತ್ತಿದ್ದ ಈ ಕಾರುಗಳಲ್ಲಿ ವ್ಯಾಪಾರಸ್ಥರಿಗೆಂದು ಸಣ್ಣ ಉಪಾಹಾರದ ಕಟ್ಟೆಯೂ ಇತ್ತು. ಸೇವೆ ಎಷ್ಟು ಜನಪ್ರಿಯವಾಯಿತೆಂದರೆ ಆಸನಗಳು ಸಾಲದಾದವು. ಆದರೆ ಒಂಟಿಯಾಗಿ ಓಡಲೆಂದೇ ರೂಪಿಸಿದ ಕಾರಿಗೆ ಇನ್ನೊಂದು ಡಬ್ಬಿ ಕಟ್ಟಲು ಬರುತ್ತಿರಲಿಲ್ಲ. ರೈಲ್‌ಕಾರಿನ ಮೂಲಭೂತ ಮಿತಿ ಇಲ್ಲಿಯೇ ಬಯಲಾಯಿತು. ಉಗಿ ರೈಲಿಗೆ ಜನ ಹೆಚ್ಚಾದಂತೆ ಡಬ್ಬಿ ಸೇರಿಸಬಹುದು, ರೈಲ್‌ಕಾರು ಮಾತ್ರ ತನ್ನ ಯಶಸ್ಸಿಗೇ ಇಕ್ಕಟ್ಟಾಗುತ್ತಿತ್ತು.

ನಂತರದ ಕಾರುಗಳ ವಿನ್ಯಾಸವನ್ನು ಈ ಮಿತಿಯನ್ನು ದಾಟುವ ಪ್ರಯತ್ನವಾಗಿಯೇ ಓದಬೇಕು. 1935 ಮತ್ತು 1936ರಲ್ಲಿ ಬಂದ 5ರಿಂದ 16ರವರೆಗಿನ ಕಾರುಗಳ ಮೈಯನ್ನು ಗ್ಲೌಸ್ಟರ್ ರೈಲ್ವೆ ಕ್ಯಾರೇಜ್ ಅಂಡ್ ವ್ಯಾಗನ್ ಕಂಪನಿ ಕಟ್ಟಿತು. 17ನೆಯದು ಪಾರ್ಸೆಲ್ ಸಾಗಿಸಲಷ್ಟೇ ಮೀಸಲಾಗಿತ್ತು. 1937ರ 18ನೇ ಕಾರಿಗೆ ಸಾಮಾನ್ಯ ರೈಲು ಡಬ್ಬಿಗಳಂತೆ ಬಫರ್ ಮತ್ತು ಕೊಂಡಿಗಳನ್ನು ಅಳವಡಿಸಿ, ಪಂದ್ಯದ ಕುದುರೆಗಳ ಸಾಕಣೆಗೆ ಹೆಸರಾದ ಲ್ಯಾಂಬೋರ್ನ್ ಕಣಿವೆಯ ಕವಲು ಮಾರ್ಗದಲ್ಲಿ ಕುದುರೆ ಸಾಗಿಸುವ ಡಬ್ಬಿಗಳನ್ನೂ ಎಳೆಯುವಂತೆ ಮಾಡಲಾಯಿತು. 1940ರಿಂದ 1942ರ ನಡುವೆ ಸ್ವಿಂಡನ್ ಕಾರ್ಯಾಗಾರದಲ್ಲಿ ಕಟ್ಟಿದ ಉಳಿದ 20 ಕಾರುಗಳು ದುಂಡು ಆಕಾರವನ್ನು ಬಿಟ್ಟು ಮೂಲೆಗಳು ಎದ್ದು ಕಾಣುವ ಸರಳ ರೂಪಕ್ಕೆ ಬಂದವು, ತಲಾ 105 ಅಶ್ವಶಕ್ತಿಯ ಎರಡು ಎಂಜಿನ್ನುಗಳನ್ನು ಪಡೆದವು. ಇವುಗಳಲ್ಲಿ ಕೊನೆಯ ನಾಲ್ಕು ಕಾರುಗಳು ಜೋಡಿಗಳಾಗಿ ಓಡುತ್ತ, ನಡುವೆ ಸಾಮಾನ್ಯ ಡಬ್ಬಿಯೊಂದನ್ನು ಸೇರಿಸಿಕೊಳ್ಳಬಲ್ಲವಾಗಿದ್ದವು. ಎಂಜಿನ್ನುಳ್ಳ ಕಾರು, ನಡುವೆ ಡಬ್ಬಿ, ಮತ್ತೆ ಎಂಜಿನ್ನುಳ್ಳ ಕಾರು ಎಂಬ ಈ ಜೋಡಣೆಯೇ, ರೈಲ್ವೆಗಳ ರಾಷ್ಟ್ರೀಕರಣದ ನಂತರ ಬಂದ ಬ್ರಿಟಿಷ್ ರೈಲ್ವೇಸ್ ಸಂಸ್ಥೆ 1954ರಿಂದ ದೊಡ್ಡ ಪ್ರಮಾಣದಲ್ಲಿ ಓಡಿಸಿದ ಡೀಸೆಲ್ ಬಹುಘಟಕ ರೈಲುಗಳ ನಕ್ಷೆಯಾಯಿತು. ಆ ಹೊಸ ರೈಲುಗಳು ಬಂದಂತೆ ಹಳೆಯ ಕಾರುಗಳು ಒಂದೊಂದಾಗಿ ನಿವೃತ್ತವಾಗಿ, 1962ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಹೊರಬಿದ್ದವು. 38ರಲ್ಲಿ ಇಂದು ಉಳಿದಿರುವುದು 4, 20 ಮತ್ತು 22 ಎಂಬ ಮೂರು ಮಾತ್ರ.

ನೆಲಹಾಸಿನ ಕೆಳಗಿನ ಯಂತ್ರ

ಜೀರ್ಣೋದ್ಧಾರದ ಪ್ರತಿ ತೀರ್ಮಾನವೂ ಯಂತ್ರದ ತಿಳಿವಳಿಕೆಯನ್ನು ಅವಲಂಬಿಸಿರುವುದರಿಂದ, ಶಕ್ತಿಯು ಎಂಜಿನ್ನಿನಿಂದ ಗಾಲಿಯವರೆಗೆ ಸಾಗುವ ದಾರಿಯನ್ನು ಮೊದಲು ಅರಿಯಬೇಕು. ಆರು ಸಿಲಿಂಡರುಗಳ ಡೀಸೆಲ್ ಎಂಜಿನ್ನನ್ನು ಚಾಸಿಯ ಪಕ್ಕಕ್ಕೆ ತೂಗುಹಾಕಿರುತ್ತಾರೆ. ಪಕ್ಕದ ತಗಡನ್ನು ತೆಗೆದರೆ ಮೆಕ್ಯಾನಿಕ್‌ನ ಕೈ ನೇರವಾಗಿ ಎಂಜಿನ್ನನ್ನು ತಲುಪುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಸಾಧನವಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಲ್ಲಿ, ಇಂಜೆಕ್ಟರು ಸೂಕ್ಷ್ಮ ತುಂತುರಾಗಿ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇಂಜೆಕ್ಟರು ಮತ್ತು ಅದಕ್ಕೆ ಎಣ್ಣೆ ಒತ್ತುವ ಪಂಪು ಕೆಟ್ಟರೆ ಎಂಜಿನ್ನು ಹೊಗೆಯುಗುಳುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ.

ಎಂಜಿನ್ನಿನ ಮುಂದಿನ ಘಟಕ ದ್ರವ ಫ್ಲೈವ್ಹೀಲ್. ಒಳಗೆ ರೆಕ್ಕೆಗಳಿರುವ ಎರಡು ಬಟ್ಟಲುಗಳು ಎದುರುಬದುರಾಗಿ, ಒಂದನ್ನೊಂದು ಮುಟ್ಟದೆ, ಎಣ್ಣೆಯಲ್ಲಿ ಮುಳುಗಿರುತ್ತವೆ. ತಿರುಗುತ್ತಿರುವ ಫ್ಯಾನಿನ ಗಾಳಿ ಎದುರಿಗಿಟ್ಟ ಇನ್ನೊಂದು ಫ್ಯಾನನ್ನು ತಿರುಗಿಸುವಂತೆ, ಎಂಜಿನ್ನಿಗೆ ಕೂಡಿದ ಬಟ್ಟಲು ಎಸೆದ ಎಣ್ಣೆ ಎದುರಿನ ಬಟ್ಟಲನ್ನು ತಿರುಗಿಸುತ್ತದೆ. ಕ್ಲಚ್ಚಿನ ತಿಕ್ಕಾಟವಿಲ್ಲದ ಕಾರಣ ಹತ್ತಾರು ಟನ್ ತೂಕದ ಗಾಡಿಯೂ ಜಗ್ಗಾಟವಿಲ್ಲದೆ ಮೆಲ್ಲಗೆ ಹೊರಡುತ್ತದೆ. ಅಲ್ಲಿಂದ ಶಕ್ತಿಯು ವಿಲ್ಸನ್ ಮಾದರಿಯ ಪೂರ್ವಾಯ್ಕೆ ಗೇರ್‌ಬಾಕ್ಸಿಗೆ ಹೋಗುತ್ತದೆ. ಬ್ರಿಟಿಷ್ ಎಂಜಿನಿಯರ್ ವಾಲ್ಟರ್ ಗಾರ್ಡನ್ ವಿಲ್ಸನ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಹಲ್ಲಿನ ಚಕ್ರಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನಡುವಿನ ಚಕ್ರದ ಸುತ್ತ ಸಣ್ಣ ಚಕ್ರಗಳು ಸುತ್ತುವ ಈ ಜೋಡಣೆಗೆ ಗ್ರಹಚಕ್ರ ಗೇರು ಎಂದು ಹೆಸರು. ಅತಿ ಮೇಲಿನ ಗೇರನ್ನು ಬಿಟ್ಟು ಉಳಿದ ಪ್ರತಿ ಗೇರಿನ ಹೊರಗಿನ ಡ್ರಮ್ಮನ್ನು ಸುತ್ತುವರಿದ ಬ್ರೇಕ್ ಪಟ್ಟಿಯೊಂದು ಬಿಗಿದಾಗ ಆ ಗೇರು ಜಾರಿಗೆ ಬರುತ್ತದೆ. ಚಾಲಕ ಮುಂದೆ ಬೇಕಾಗುವ ಗೇರನ್ನು ಮೊದಲೇ ಆಯ್ದಿಟ್ಟುಕೊಂಡು, ತಕ್ಕ ಕ್ಷಣದಲ್ಲಿ ಅದನ್ನು ಜಾರಿಗೆ ತರುತ್ತಾನೆ. ಗೇರ್‌ಬಾಕ್ಸಿನಿಂದ ಕಾರ್ಡನ್ ಶಾಫ್ಟ್ ಎಂಬ ಕೀಲುಳ್ಳ ದಂಡದ ಮೂಲಕ ಶಕ್ತಿಯು ಬೋಗಿಯ ಅಚ್ಚನ್ನು ತಲುಪುತ್ತದೆ. ಆಡುಮಾತಿನಲ್ಲಿ ಇಡೀ ಡಬ್ಬಿಯನ್ನೇ ಬೋಗಿ ಎನ್ನುವುದುಂಟಾದರೂ, ಈ ಲೇಖನದಲ್ಲಿ ಬೋಗಿಯೆಂದರೆ ಡಬ್ಬಿಯ ಕೆಳಗೆ ತಿರುಗುವಂತೆ ಕೂರಿಸಿದ, ಗಾಲಿ, ಅಚ್ಚು ಮತ್ತು ಸ್ಪ್ರಿಂಗುಗಳ ಚೌಕಟ್ಟು ಎಂದಷ್ಟೇ ಅರ್ಥ.

ಕರ್ನಾಟಕದ ಓದುಗರಿಗೆ ಪರಿಚಿತವಾದ ಡೆಮು ರೈಲುಗಳಲ್ಲಿ ಡೀಸೆಲ್ ಎಂಜಿನ್ನು ವಿದ್ಯುತ್ ಉತ್ಪಾದಿಸಿ, ಆ ವಿದ್ಯುತ್ತಿನಿಂದ ಮೋಟಾರುಗಳು ಗಾಲಿಯನ್ನು ತಿರುಗಿಸುತ್ತವೆ. ಗ್ರೇಟ್ ವೆಸ್ಟರ್ನ್ ಕಾರುಗಳಲ್ಲಿಯಾದರೋ ಶಕ್ತಿ ಆರಂಭದಿಂದ ಕೊನೆಯವರೆಗೆ ಬಸ್ಸಿನಲ್ಲಿರುವಂತೆ ಯಾಂತ್ರಿಕವಾಗಿಯೇ ಸಾಗುತ್ತದೆ. ಈ ಬಸ್ಸಿನ ರಕ್ತಸಂಬಂಧವೇ ಅವುಗಳ ಐತಿಹಾಸಿಕ ವಿಶೇಷ. ಆದ್ದರಿಂದ ಮೂಲ ಎಂಜಿನ್ನು ಮತ್ತು ಗೇರ್‌ಬಾಕ್ಸನ್ನು ಕಿತ್ತು ಆಧುನಿಕ ಯಂತ್ರವನ್ನು ಕೂರಿಸಿದರೆ ಕಾರು ಓಡಬಹುದು, ಆದರೆ ಅದು ಯಾವ ವಿಚಾರಕ್ಕೆ ಸಾಕ್ಷಿಯಾಗಿತ್ತೋ ಆ ಸಾಕ್ಷ್ಯ ಅಳಿಸಿಹೋಗುತ್ತದೆ.

ದುಡಿಮೆ ಉಳಿಸಿದ ಗಾಯಗಳು

ಮುಂಜಾನೆ ಕೆಲವೇ ನಿಮಿಷಗಳಲ್ಲಿ ಚಾಲೂ ಆಗಿ, ಮಾರ್ಗದ ತುದಿಯಲ್ಲಿ ಚಾಲಕನು ಇನ್ನೊಂದು ಕೋಣೆಗೆ ನಡೆದುಹೋದರೆ ಮರಳಲು ಸಿದ್ಧವಾಗುವ ಕಾರು ದಿನವಿಡೀ ಬಿಡುವಿಲ್ಲದೆ ಓಡುತ್ತಿತ್ತು. ಈ ಉಪಯುಕ್ತತೆಯೇ ಅದರ ಸವೆತಕ್ಕೂ ಕಾರಣವಾಯಿತು. ರಸ್ತೆಯ ವಾಹನಕ್ಕೆಂದು ರೂಪಿಸಿದ ಎಂಜಿನ್ನು ಹಳಿಯ ಕೀಲುಗಳ ಬಡಿತವನ್ನು ಸಹಿಸಬೇಕಾಯಿತು. ಪದೇ ಪದೇ ನಿಂತು ಹೊರಡುವುದರಿಂದ ಗೇರಿನ ಬ್ರೇಕ್ ಪಟ್ಟಿಗಳು ಸವೆದವು. ಸೋರಿದ ಎಣ್ಣೆಯೂ ಹಳಿಬದಿಯ ಒಣ ಎಲೆ ಧೂಳುಗಳೂ ಎಂಜಿನ್ನಿನ ಸುತ್ತ ಅಂಟಿಕೊಂಡು, ಬಿಸಿಯಾದ ಹೊಗೆಕೊಳವೆಯ ಬಳಿ ಬೆಂಕಿಯ ಅಪಾಯವನ್ನು ತಂದವು. ಈ 38 ಕಾರುಗಳ ಪೈಕಿ ಹಲವು ಬೆಂಕಿಗೆ ಆಹುತಿಯಾದದ್ದು ಜೀರ್ಣೋದ್ಧಾರ ಮಾಡುವವರು ಎಂದೂ ಮರೆಯಬಾರದ ಪಾಠ.

ನಿವೃತ್ತಿಯ ನಂತರದ ವರ್ಷಗಳು ದುಡಿಮೆಯ ವರ್ಷಗಳಿಗಿಂತ ಹೆಚ್ಚು ಹಾನಿ ಮಾಡುತ್ತವೆ. ಬಯಲಲ್ಲಿ ನಿಂತ ಕಾರಿನ ಕಿಟಕಿಯ ಅಂಚಿನಿಂದ ಮಳೆನೀರು ಗೋಡೆಯೊಳಗೆ ಇಳಿದು, ಹೊರಗಿನ ತಗಡು ಸರಿಯಾಗಿಯೇ ಕಾಣುತ್ತಿರುವಾಗ ಒಳಗಿನ ಚೌಕಟ್ಟನ್ನು ಕೊಳೆಯಿಸುತ್ತದೆ. ಎಂಜಿನ್ನಿನ ಕೋಶಗಳಲ್ಲಿ ಉಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಾಗ ಎರಕದ ಕಬ್ಬಿಣದ ಬ್ಲಾಕೇ ಸೀಳುತ್ತದೆ. ತಾಮ್ರ ಮತ್ತು ಹಿತ್ತಾಳೆಯ ಭಾಗಗಳು ಕಳ್ಳರ ಪಾಲಾಗುತ್ತವೆ.

ಕೆಲಸಕ್ಕೆ ಕೈಹಾಕುವ ಮುನ್ನ

ಇಂಥ ಕಾರೊಂದನ್ನು ಉಳಿಸಲು ಮುಂದಾಗುವ ಸಂಘವು ಸ್ಪ್ಯಾನರು ಹಿಡಿಯುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸಿಕೊಳ್ಳಬೇಕು.

ಮೊದಲನೆಯದು, ಕಾರು ಓಡಬೇಕೋ ಅಥವಾ ಇದ್ದಂತೆಯೇ ಪ್ರದರ್ಶನಕ್ಕೆ ಉಳಿಯಬೇಕೋ ಎಂಬುದು. ಓಡಿಸುವುದೆಂದರೆ ಸವೆದ ಭಾಗಗಳನ್ನು ಬದಲಾಯಿಸುವುದು. ಬದಲಾಯಿಸಿದಷ್ಟೂ ಮೂಲ ವಸ್ತು ಕಡಿಮೆಯಾಗುತ್ತದೆ. ಒಂದು ಮಾದರಿಯ ಏಕೈಕ ಕಾರು ಮೂಲ ಬಣ್ಣ, ಮೂಲ ಬಟ್ಟೆಗಳೊಡನೆ ಉಳಿದಿದ್ದರೆ ಅದನ್ನು ಸಂಗ್ರಹಾಲಯದಲ್ಲಿ ಹಾಗೆಯೇ ಕಾಪಾಡುವುದು ಉತ್ತಮ. ಅದೇ ಮಾದರಿಯ ಎರಡು ಮೂರು ಕಾರುಗಳಿದ್ದರೆ ಒಂದನ್ನು ಓಡಿಸುವುದು ಸಮರ್ಥನೀಯ.

ಎರಡನೆಯದು, ಕಾರನ್ನು ಯಾವ ವರ್ಷದ ರೂಪಕ್ಕೆ ತರಬೇಕು ಎಂಬುದು. ಗ್ರೇಟ್ ವೆಸ್ಟರ್ನ್ ಕಾಲದ ಚಾಕಲೇಟ್ ಮತ್ತು ಕೆನೆ ಬಣ್ಣ, ರಾಷ್ಟ್ರೀಕರಣದ ನಂತರದ ಕೆಂಪು ಮತ್ತು ಕೆನೆ, ಕೊನೆಯ ದಿನಗಳ ಹಸಿರು, ಇವೆಲ್ಲವೂ ಒಂದೇ ಕಾರಿನ ಬದುಕಿನ ಸತ್ಯಗಳೇ ಆಗಿರಬಹುದು. ಬಣ್ಣ, ದೀಪ, ಅಕ್ಷರ, ಆಸನದ ಬಟ್ಟೆ ಎಲ್ಲವೂ ಆಯ್ದ ಒಂದು ಅವಧಿಗೆ ಹೊಂದಬೇಕು. ಬೇರೆ ಬೇರೆ ಕಾಲದ ಚೆಲುವಾದ ಅಂಶಗಳನ್ನು ಕಲಸಿದರೆ ಎಂದೂ ಇರದಿದ್ದ ಕಾರೊಂದು ಹುಟ್ಟುತ್ತದೆ.

ಮೂರನೆಯದು, ಮೇಲ್ಛಾವಣಿಯಿರುವ ಜಾಗ ಇದೆಯೇ ಎಂಬುದು. ಸುಮಾರು 20 ಮೀಟರ್ ಉದ್ದದ ಕಾರಿಗೆ ಶೆಡ್ಡು, ಹಳಿ ಮತ್ತು ಕೆಳಗಿಳಿದು ಕೆಲಸ ಮಾಡುವ ಗುಂಡಿ ಇಲ್ಲದಿದ್ದರೆ, ಒಂದು ತುದಿಯಲ್ಲಿ ದುರಸ್ತಿ ಮುಗಿಯುವ ಹೊತ್ತಿಗೆ ಇನ್ನೊಂದು ತುದಿ ಮತ್ತೆ ತುಕ್ಕು ಹಿಡಿದಿರುತ್ತದೆ. ಹಣ ಸೀಮಿತವಾಗಿದ್ದರೆ ಅದನ್ನು ಮೊದಲು ಸೂರಿಗೆ ವ್ಯಯಿಸುವುದೇ ವಿವೇಕ.

ನಾಲ್ಕನೆಯದು, ಬಿಡಿಭಾಗ ಮತ್ತು ತಿಳಿವಳಿಕೆ ಎಲ್ಲಿಂದ ಬರಬೇಕು ಎಂಬುದು. ಎಇಸಿ ಕಂಪನಿ 1979ರಲ್ಲಿ ಮುಚ್ಚಿತು. ಆದರೆ ಲಂಡನ್ನಿನ ಹಳೆಯ ಬಸ್ಸುಗಳಲ್ಲಿಯೂ ಎಇಸಿ ಎಂಜಿನ್ನು, ದ್ರವ ಫ್ಲೈವ್ಹೀಲ್ ಮತ್ತು ಪೂರ್ವಾಯ್ಕೆ ಗೇರ್‌ಬಾಕ್ಸುಗಳೇ ಇದ್ದುದರಿಂದ, ಹಳೆಯ ಬಸ್ಸುಗಳನ್ನು ಕಾಪಾಡಿಕೊಂಡು ಬಂದಿರುವ ಉತ್ಸಾಹಿಗಳ ಬಳಿ ಗ್ಯಾಸ್ಕೆಟ್ಟು, ಪಿಸ್ಟನ್ನುಗಳಷ್ಟೇ ಅಲ್ಲ, ಗೇರಿನ ಪಟ್ಟಿಯನ್ನು ಹದಕ್ಕೆ ತರುವ ಕೈಚಳಕವೂ ಉಳಿದಿದೆ. ರೈಲಿನ ಜನ ಬಸ್ಸಿನ ಜನರನ್ನು ಹುಡುಕಿಕೊಂಡು ಹೋಗುವುದು ಈ ಕೆಲಸದಲ್ಲಿ ಬಹಳ ಫಲಕಾರಿಯಾದ ಹೆಜ್ಜೆ.

ಜೀರ್ಣೋದ್ಧಾರದ ಹಂತಗಳು

*1. ದಾಖಲಾತಿ.* ಒಂದು ಸ್ಕ್ರೂ ಬಿಚ್ಚುವ ಮೊದಲೇ ಕಾರಿನ ಒಳ, ಹೊರ ಮತ್ತು ತಳಭಾಗಗಳ ಛಾಯಾಚಿತ್ರಗಳನ್ನು ತೆಗೆದು, ಅಳತೆಗಳನ್ನು ಬರೆದುಕೊಳ್ಳಬೇಕು. ತೆಗೆದ ಪ್ರತಿ ಭಾಗಕ್ಕೂ ಸಂಖ್ಯೆಯ ಚೀಟಿ ಕಟ್ಟಿ, ಅದು ಎಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನು ವಹಿಯಲ್ಲಿ ದಾಖಲಿಸಬೇಕು. ಹಳೆಯ ಬಣ್ಣವನ್ನು ಒಂದು ಸಣ್ಣ ಜಾಗದಲ್ಲಿ ಪದರ ಪದರವಾಗಿ ಉಜ್ಜಿ ನೋಡಿದರೆ ಕಾರು ಕಾಲದಿಂದ ಕಾಲಕ್ಕೆ ತೊಟ್ಟ ಬಣ್ಣಗಳ ಅನುಕ್ರಮ ಸಿಗುತ್ತದೆ. ಈ ತುಣುಕನ್ನು ಮುಚ್ಚದೆ ಉಳಿಸುವುದು ಇನ್ನೂ ಒಳ್ಳೆಯದು.

*2. ವಿಷವಸ್ತುಗಳ ನಿವಾರಣೆ.* ಆ ಕಾಲದ ವಾಹನಗಳ ಹೊಗೆಕೊಳವೆಯ ಸುತ್ತು, ಬ್ರೇಕ್ ಲೈನಿಂಗು ಮತ್ತು ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. 1950ರ ದಶಕದ ಬ್ರಿಟಿಷ್ ಡೀಸೆಲ್ ರೈಲುಗಳ ಗೋಡೆಯೊಳಗೇ ನೀಲಿ ಕಲ್ನಾರನ್ನು ತುಂಬಲಾಗುತ್ತಿತ್ತು. ಕಲ್ನಾರಿನ ಎಳೆ ಉಸಿರಿನೊಡನೆ ಶ್ವಾಸಕೋಶ ಸೇರಿ ದಶಕಗಳ ನಂತರ ಕ್ಯಾನ್ಸರ್ ತರಬಲ್ಲುದಾದ್ದರಿಂದ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಪರವಾನಗಿ ಹೊಂದಿದವರಿಂದಲೇ ತೆಗೆಸಬೇಕು. ಈ ಹಂತದಲ್ಲಿ ಸ್ವಯಂಸೇವಕರ ಉತ್ಸಾಹಕ್ಕೆ ಎಡೆಯಿಲ್ಲ.

*3. ಚಾಸಿ ಮತ್ತು ಮೈಕಟ್ಟು.* ಎಂಜಿನ್ನು ಸದ್ದು ಮಾಡುವುದನ್ನು ಕೇಳುವ ಆತುರಕ್ಕೆ ಮೊದಲು ಯಂತ್ರವನ್ನು ಬಿಚ್ಚುವುದು ಸಾಮಾನ್ಯ ಪ್ರಮಾದ. ಎಂಜಿನ್ನನ್ನು ಬೇರೆಡೆ ದುರಸ್ತಿ ಮಾಡಿಸಬಹುದು, ಬದಲಿ ಎಂಜಿನ್ನನ್ನೂ ಹುಡುಕಬಹುದು. ಕೊಳೆತ ಮೈಗೆ ಬದಲಿಯೆಂಬುದಿಲ್ಲ. ಮೈಯನ್ನು ಜಾಕುಗಳಿಂದ ಎತ್ತಿ, ಬೋಗಿಗಳನ್ನು ಹೊರಗೆಳೆದು, ಚಾಸಿಯ ಉಕ್ಕಿನ ದಪ್ಪವನ್ನು ಅಳೆಯಬೇಕು. 1930 ಮತ್ತು 40ರ ದಶಕಗಳ ಬ್ರಿಟಿಷ್ ಡಬ್ಬಿಗಳಲ್ಲಿ ಮರದ ಚೌಕಟ್ಟಿನ ಮೇಲೆ ಉಕ್ಕಿನ ತಗಡು ಹೊದಿಸುವುದು ರೂಢಿಯಲ್ಲಿದ್ದುದರಿಂದ, ಬಾಗಿಲಿನ ಕಂಬ, ಕಿಟಕಿಯ ಕೆಳಗಿನ ಅಡ್ಡಪಟ್ಟಿ ಮತ್ತು ಮೂಲೆಗಳನ್ನು ಚೂಪಾದ ಉಳಿಯಿಂದ ಒತ್ತಿ ಪರೀಕ್ಷಿಸಬೇಕು. ಇಡೀ ಕಂಬವನ್ನು ಬದಲಾಯಿಸದೆ, ಕೊಳೆತಷ್ಟೇ ಭಾಗವನ್ನು ಕತ್ತರಿಸಿ ಅದೇ ಜಾತಿಯ ಒಣಗಿದ ಮರವನ್ನು ಓರೆಜೋಡಣೆಯಿಂದ ಸೇರಿಸುವುದು ಮೂಲ ವಸ್ತುವನ್ನು ಉಳಿಸುವ ದಾರಿ. ಚಾವಣಿ ಮತ್ತು ಕಿಟಕಿಗಳು ನೀರು ಬಿಡದಂತಾಗುವವರೆಗೆ ಒಳಾಂಗಣದ ಕೆಲಸ ಆರಂಭಿಸಬಾರದು.

*4. ಬೋಗಿ, ಗಾಲಿ, ಅಚ್ಚು.* ಅಚ್ಚಿನ ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಶ್ರವಣಾತೀತ ಧ್ವನಿತರಂಗಗಳ ಪರೀಕ್ಷೆ ಅದನ್ನು ಪತ್ತೆ ಮಾಡುತ್ತದೆ. ಈ ಪರೀಕ್ಷೆಯಲ್ಲಿ ಸೋತ ಅಚ್ಚಿಗೆ ಎರಡನೆಯ ಅವಕಾಶವಿಲ್ಲ. ಗಾಲಿಯ ಅಂಚು ಸವೆದು ಆಕಾರ ಕೆಟ್ಟಿದ್ದರೆ ಲೇತ್ ಯಂತ್ರದಲ್ಲಿ ಮತ್ತೆ ಸರಿಯಾದ ರೂಪಕ್ಕೆ ಕಡೆಯಬೇಕು. ಬೇರಿಂಗು, ಸ್ಪ್ರಿಂಗು ಮತ್ತು ಬೋಗಿ ತಿರುಗುವ ನಡುಗೂಟವನ್ನು ಬಿಚ್ಚಿ ಪರೀಕ್ಷಿಸಲು ಇದೇ ತಕ್ಕ ಸಮಯ.

*5. ಎಂಜಿನ್ನು.* ದೀರ್ಘಕಾಲ ನಿಂತ ಎಂಜಿನ್ನನ್ನು ಬ್ಯಾಟರಿ ಜೋಡಿಸಿ ತಿರುಗಿಸಲು ಯತ್ನಿಸಬಾರದು. ಅಂಟಿಕೊಂಡ ಪಿಸ್ಟನ್ ರಿಂಗು ಮುರಿಯಬಹುದು, ಸಿಲಿಂಡರಿನಲ್ಲಿ ಸೇರಿದ ನೀರು ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಇಂಜೆಕ್ಟರುಗಳನ್ನು ತೆಗೆದು, ಸಿಲಿಂಡರಿನೊಳಗೆ ತೆಳು ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಸಿ, ಬಳಿಕ ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಬ್ಲಾಕಿನಲ್ಲಿ ಹಿಮದ ಬಿರುಕಿದೆಯೇ ಎಂದು ಒತ್ತಡದ ನೀರಿನಿಂದ ಪರೀಕ್ಷಿಸಿ, ಬಿರುಕಿದ್ದರೆ ಲೋಹದ ಹೊಲಿಗೆ ಎಂಬ ತಣ್ಣನೆಯ ದುರಸ್ತಿ ವಿಧಾನವನ್ನು ಅನುಸರಿಸಬಹುದು. ಎರಕದ ಕಬ್ಬಿಣವನ್ನು ಸಾಮಾನ್ಯ ಬೆಸುಗೆಯಿಂದ ಬಿಸಿ ಮಾಡಿದರೆ ಹೊಸ ಬಿರುಕುಗಳೇಳುವ ಅಪಾಯವಿರುತ್ತದೆ. ಎಣ್ಣೆ ಪಂಪು ಮತ್ತು ಇಂಜೆಕ್ಟರುಗಳನ್ನು ಪರಿಣತರ ಪರೀಕ್ಷಾ ಮೇಜಿನ ಮೇಲೆ ಹದಗೊಳಿಸಬೇಕು. ಎರಡು ಎಂಜಿನ್ನುಗಳ ಕಾರಿನಲ್ಲಿ ಎರಡೂ ಸಮನಾಗಿ ದುಡಿಯುವಂತೆ ಹೊಂದಿಸದಿದ್ದರೆ ಒಂದರ ಮೇಲೆ ಸದಾ ಹೆಚ್ಚು ಹೊರೆ ಬೀಳುತ್ತದೆ.

*6. ಶಕ್ತಿವಾಹಕ ಭಾಗಗಳು.* ದ್ರವ ಫ್ಲೈವ್ಹೀಲಿನಲ್ಲಿ ಮುಖ್ಯವಾಗಿ ಕೆಡುವುದು ಎಣ್ಣೆ ತಡೆಯುವ ಸೀಲು. ಅದು ಸೋರಿದರೆ ಕಾರು ಹೊರಡಲು ತಡವರಿಸುವುದಲ್ಲದೆ, ಚಿಮ್ಮಿದ ಎಣ್ಣೆ ಬೆಂಕಿಗೂ ದಾರಿಯಾಗುತ್ತದೆ. ಗೇರ್‌ಬಾಕ್ಸಿನ ಬ್ರೇಕ್ ಪಟ್ಟಿಗಳ ಲೈನಿಂಗನ್ನು ಹೊಸದಾಗಿ ಹಾಕಿ, ಸವೆತವನ್ನು ತಾನೇ ಸರಿದೂಗಿಸಿಕೊಳ್ಳುವ ಹೊಂದಾಣಿಕೆ ಸಾಧನ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಕಾರ್ಡನ್ ಶಾಫ್ಟಿನ ಕೀಲುಗಳನ್ನು ಬದಲಾಯಿಸಿದ ಬಳಿಕ ಶಾಫ್ಟಿನ ತೂಕವನ್ನು ಸಮತೋಲಗೊಳಿಸುವುದಲ್ಲದೆ, ಅದು ಮುರಿದರೂ ಹಳಿಗೆ ಬೀಳದಂತೆ ತಡೆಯುವ ರಕ್ಷಣಾ ಪಟ್ಟಿಗಳನ್ನು ಖಂಡಿತವಾಗಿ ಅಳವಡಿಸಬೇಕು.

*7. ಬ್ರೇಕು ಮತ್ತು ವಿದ್ಯುತ್.* ಹಳೆಯ ಬ್ರಿಟಿಷ್ ರೈಲುಗಳಲ್ಲಿ ನಿರ್ವಾತ ಬ್ರೇಕ್ ಸಾಮಾನ್ಯವಾಗಿತ್ತು. ಪಂಪು ಕೊಳವೆಯಿಂದ ಗಾಳಿಯನ್ನು ಹೀರಿ ತೆಗೆದಿರುವವರೆಗೆ ಬ್ರೇಕು ಸಡಿಲವಾಗಿರುತ್ತದೆ. ಚಾಲಕ ಗಾಳಿಯನ್ನು ಒಳಬಿಟ್ಟಾಗ, ಅಥವಾ ಕೊಳವೆ ಕಳಚಿ ಗಾಳಿ ನುಗ್ಗಿದಾಗ, ಬ್ರೇಕು ತಾನಾಗಿ ಹಿಡಿಯುತ್ತದೆ. ಆದ್ದರಿಂದ ಪ್ರತಿ ರಬ್ಬರು ಕೊಳವೆ ಮತ್ತು ಸೀಲನ್ನು ಹೊಸದಾಗಿ ಹಾಕುವುದು ಅನಿವಾರ್ಯ. ರಬ್ಬರು ಮತ್ತು ಹತ್ತಿಯ ಹೊದಿಕೆಯ ಹಳೆಯ ತಂತಿಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುವುದರಿಂದ ಅವನ್ನು ಪೂರ್ತಿಯಾಗಿ ಬದಲಾಯಿಸಿ, ಕಣ್ಣಿಗೆ ಕಾಣುವ ಸ್ವಿಚ್ಚು ಮತ್ತು ದೀಪಗಳನ್ನು ಮಾತ್ರ ಮೂಲದವನ್ನೇ ಉಳಿಸಿಕೊಳ್ಳಬಹುದು. ಎಂಜಿನ್ನಿನ ಬಳಿ ಬೆಂಕಿಯನ್ನು ಪತ್ತೆ ಹಚ್ಚುವ ಮತ್ತು ನಂದಿಸುವ ಸಾಧನಗಳನ್ನು ಸೇರಿಸುವುದು ಇತಿಹಾಸಕ್ಕೆ ಬಗೆವ ದ್ರೋಹವಲ್ಲ. ಅವು ಮರೆಯಲ್ಲಿರಲಿ, ಬೇಕೆಂದಾಗ ತೆಗೆಯಲು ಬರುವಂತಿರಲಿ.

*8. ಒಳಾಂಗಣ ಮತ್ತು ಬಣ್ಣ.* ಆಸನದ ಹಳೆಯ ಬಟ್ಟೆಯ ತುಂಡೊಂದು ಸಿಕ್ಕರೂ ಅದರ ವಿನ್ಯಾಸವನ್ನು ಅನುಸರಿಸಿ ಮರಳಿ ನೇಯಿಸಬಹುದು. ಹೊಸ ಬಟ್ಟೆ ಮತ್ತು ಮೆತ್ತೆ ಬೆಂಕಿ ತಾಳುವಂಥವಾಗಿರಬೇಕು. ಬಣ್ಣ ಕೊನೆಯ ಹಂತ. ಹಣ ಕೊಟ್ಟವರಿಗೆ ಬೇಗ ಏನಾದರೂ ತೋರಿಸಬೇಕೆಂದು ಮೊದಲೇ ಬಳಿದ ಬಣ್ಣವು ಮುಂದಿನ ತಗಡಿನ ಕೆಲಸದಲ್ಲಿ ಖಂಡಿತ ಹಾಳಾಗುತ್ತದೆ.

ಪರೀಕ್ಷೆ ಮತ್ತು ಆರೈಕೆ

ಜೋಡಣೆ ಮುಗಿದ ಕಾರನ್ನು ಮೊದಲು ನಿಂತಲ್ಲೇ ಚಾಲೂ ಮಾಡಿ ಎಣ್ಣೆಯ ಒತ್ತಡ, ನೀರಿನ ಶಾಖ ಮತ್ತು ಸೋರಿಕೆಗಳನ್ನು ಗಮನಿಸಬೇಕು. ಬಳಿಕ ಅಂಗಳದಲ್ಲಿ ನಡಿಗೆಯ ವೇಗದಲ್ಲಿ, ಆಮೇಲೆ ಖಾಲಿಯಾಗಿ ಪೂರ್ಣ ಮಾರ್ಗದಲ್ಲಿ, ಕೊನೆಗೆ ಪ್ರಯಾಣಿಕರ ತೂಕಕ್ಕೆ ಸಮನಾದ ಭಾರ ಹೇರಿ ಓಡಿಸಿ, ಪ್ರತಿ ಹಂತದಲ್ಲೂ ಬ್ರೇಕು ಹಿಡಿಯುವ ದೂರ ಮತ್ತು ಬೇರಿಂಗುಗಳ ಬಿಸಿಯನ್ನು ದಾಖಲಿಸಬೇಕು. ಬ್ರಿಟನ್ನಿನಲ್ಲಿ 2006ರ ರೈಲ್ವೆ ಸುರಕ್ಷತಾ ನಿಯಮಗಳ ಅಡಿಯಲ್ಲಿ ಪಾರಂಪರಿಕ ರೈಲ್ವೆಗಳೂ ತಮ್ಮದೇ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯನ್ನು ಹೊಂದಿರಬೇಕು. ಅವುಗಳಲ್ಲಿ ಬಹುಪಾಲು ಮಾರ್ಗಗಳ ಗರಿಷ್ಠ ವೇಗ ಗಂಟೆಗೆ 25 ಮೈಲಿ, ಅಂದರೆ 40 ಕಿ.ಮೀ. ಇದು ಹಳೆಯ ಅಚ್ಚು, ಗೇರುಗಳ ಆಯುಸ್ಸಿಗೆ ಅನುಕೂಲವೇ; ಆದರೆ ಹಗುರ ಹೊರೆಯಲ್ಲಿ ಬಹಳ ಹೊತ್ತು ಓಡುವ ಡೀಸೆಲ್ ಎಂಜಿನ್ನಿನಲ್ಲಿ ಅರೆಸುಟ್ಟ ಎಣ್ಣೆಯ ಮಸಿ ಕಟ್ಟುವುದರಿಂದ, ಆಗಾಗ ಏರು ಮಾರ್ಗದಲ್ಲಿ ಅದಕ್ಕೆ ತಕ್ಕ ದುಡಿಮೆ ಕೊಡುವುದು ಒಳ್ಳೆಯದು. ಪ್ರತಿ ಓಟದ ನಂತರ ತಳಭಾಗದ ಎಣ್ಣೆ ಮತ್ತು ಎಲೆಗಳನ್ನು ಒರೆಸುವುದು, ಚಳಿಗಾಲಕ್ಕೆ ಮುನ್ನ ನೀರನ್ನು ಬಸಿಯುವುದು ಅಥವಾ ಹೆಪ್ಪುನಿರೋಧಕ ಬೆರೆಸುವುದು, ಓಡದ ತಿಂಗಳುಗಳಲ್ಲೂ ಎಂಜಿನ್ನನ್ನು ಪೂರ್ತಿ ಬಿಸಿಯಾಗುವವರೆಗೆ ನಡೆಸುವುದು ಇವು ತಪ್ಪಿಸಬಾರದ ನಿತ್ಯಕರ್ಮಗಳು.

ನೋಡಲು ಹೋಗುವವರಿಗೆ

ಉಳಿದ ಮೂರು ಕಾರುಗಳೂ ಇಂಗ್ಲೆಂಡಿನಲ್ಲಿವೆ. 1934ರ 4ನೇ ಕಾರು ರಾಷ್ಟ್ರೀಯ ಸಂಗ್ರಹಕ್ಕೆ ಸೇರಿದ್ದು, ಸ್ವಿಂಡನ್ನಿನ ‘ಸ್ಟೀಮ್’ ವಸ್ತುಸಂಗ್ರಹಾಲಯದ ಮೂಲಕ ಪರಿಚಿತವಾಗಿದೆ; 22ನೇ ಕಾರು ಗ್ರೇಟ್ ವೆಸ್ಟರ್ನ್ ಸೊಸೈಟಿಯ ಡಿಡ್ಕಾಟ್ ರೈಲ್ವೆ ಕೇಂದ್ರದಲ್ಲಿದೆ; 20ನೇ ಕಾರು ಕೆಂಟ್ ಅಂಡ್ ಈಸ್ಟ್ ಸಸೆಕ್ಸ್ ರೈಲ್ವೆಯ ಬಳಿ ದೀರ್ಘಕಾಲದ ಜೀರ್ಣೋದ್ಧಾರಕ್ಕೆ ಒಳಗಾಗಿದೆ. ಡಿಡ್ಕಾಟ್‌ನಲ್ಲಿಯೇ, 2011ರಲ್ಲಿ ಮತ್ತೆ ಓಡತೊಡಗಿದ 93ನೇ ಸಂಖ್ಯೆಯ ಉಗಿ ರೈಲ್‌ಮೋಟಾರೂ ಇರುವುದರಿಂದ, ಉಗಿಯಿಂದ ಡೀಸೆಲ್‌ಗೆ ನಡೆದ ಬದಲಾವಣೆಯನ್ನು ಒಂದೇ ಸ್ಥಳದಲ್ಲಿ ಅಭ್ಯಾಸ ಮಾಡಬಹುದು. ಹಳೆಯ ಕಾರುಗಳು ಎಲ್ಲ ದಿನವೂ ಓಡುವುದಿಲ್ಲ, ದುರಸ್ತಿಗೂ ಹೋಗುತ್ತವೆ; ಹೊರಡುವ ಮೊದಲು ಆಯಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು. ಕಾರಿನ ಮುಂದೆ ನಿಂತವರು ಬಣ್ಣಕ್ಕೆ ಮೊದಲು ತಳಭಾಗವನ್ನು ನೋಡಬೇಕು, ಎಂಜಿನ್ನಿನಿಂದ ಗಾಲಿಯವರೆಗೆ ಶಾಫ್ಟು ಸಾಗುವ ದಾರಿಯನ್ನು ಗುರುತಿಸಬೇಕು, ಓಡುವಾಗ ಗೇರು ಬದಲಾಗುವ ಸದ್ದನ್ನು ಆಲಿಸಬೇಕು.

ಭಾರತದಲ್ಲಿ ಕಾಲ್ಕಾ–ಶಿಮ್ಲಾ ಬೆಟ್ಟದ ಮಾರ್ಗದ ಪುಟ್ಟ ರೈಲ್‌ಕಾರುಗಳು ಇದೇ ಕುಲಕ್ಕೆ ಸೇರಿದವು. ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ: ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆ ಭಾರತೀಯ ರೈಲ್ವೆಗಾಗಿ ರೈಲ್‌ಬಸ್ಸುಗಳನ್ನು ತಯಾರಿಸಿತ್ತು, ಬಂಗಾರಪೇಟೆ–ಕೋಲಾರ ಮತ್ತು ಶಿವಮೊಗ್ಗ–ತಾಳಗುಪ್ಪ ಮಾರ್ಗಗಳಲ್ಲಿ ಓಡಿದ ರೈಲ್‌ಬಸ್ಸುಗಳು ಆ ಭಾಗದ ಜನರ ನೆನಪಿನಲ್ಲಿ ಇನ್ನೂ ಇವೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಮೋಟಾರು ಕಾರೂ ಇದ್ದು, ರಸ್ತೆಯ ವಾಹನ ಹಳಿಯೇರಿದ ಪ್ರಯೋಗಕ್ಕೆ ಅದು ಹತ್ತಿರದ ಸಾಕ್ಷಿ.

ನಾಳೆ ಸೇವೆಯಿಂದ ಹೊರಬೀಳುವ ರೈಲ್‌ಬಸ್ಸುಗಳನ್ನೂ ಡೆಮು ರೈಲುಗಳನ್ನೂ ಉಳಿಸಬೇಕೆನ್ನುವವರು ಗ್ರೇಟ್ ವೆಸ್ಟರ್ನ್ ಕಾರುಗಳಿಂದ ಕಲಿಯಬೇಕಾದದ್ದು ಇಷ್ಟು: ನಿವೃತ್ತಿಯ ದಿನವೇ ಕಾರಿಗೆ ಸೂರು ಒದಗಿಸಬೇಕು, ಅದರೊಡನೆ ನಕ್ಷೆ, ಕೈಪಿಡಿ ಮತ್ತು ಬಿಡಿಭಾಗಗಳನ್ನೂ ಪಡೆದುಕೊಳ್ಳಬೇಕು, ಅದನ್ನು ಓಡಿಸಿದ ಚಾಲಕರು ಮತ್ತು ದುರಸ್ತಿ ಮಾಡಿದ ಮೆಕ್ಯಾನಿಕ್‌ಗಳ ಅನುಭವವನ್ನು ಅವರು ಜೀವಂತವಿರುವಾಗಲೇ ಬರೆದಿಡಬೇಕು. ತುಕ್ಕು ಹಿಡಿದ ಉಕ್ಕನ್ನು ಮರಳಿ ಪಡೆಯಬಹುದು. ದಾಖಲಾಗದೆ ಹೋದ ಕಸುಬಿನ ತಿಳಿವಳಿಕೆಯನ್ನು ಯಾವ ಕಾರ್ಯಾಗಾರವೂ ಮತ್ತೆ ತಯಾರಿಸಿಕೊಡಲಾರದು.